ಹುಲ್ಲು ಕೊಯ್ಯುವ ಟ್ರ್ಯಾಕ್ಟರಿನ ಕೆಳಗೆ

ಎಂಜಿನ್ನಿಗೆ ಹಾಕುವ ಎಣ್ಣೆ ಹಾಕುವಾಗ ಜೇನುತುಪ್ಪದಂತಿರುತ್ತದೆ, ತೆಗೆಯುವಾಗ ಕಾಡಿಗೆಯಂತಿರುತ್ತದೆ. ಈ ಸಾಮಾನ್ಯ ಸಂಗತಿಯನ್ನು ತಿಳಿಯಲು ನನಗೆ ಅರುವತ್ತಮೂರು ವರ್ಷ ಬೇಕಾಯಿತು. ತಿಳಿದ ಮೇಲೆ, ತಿಳಿಯದೆಯೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಕಾಲೇಜಿನಲ್ಲಿ ಜೀವಮಾನವಿಡೀ ಸಂಸ್ಕೃತ ಪಾಠ ಹೇಳಿದವನು ನಾನು. ಸ್ಕ್ರೂ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆಯೋ ಬಲಕ್ಕೋ ಎಂಬುದು ನಿವೃತ್ತಿಯವರೆಗೂ ನನ್ನ ಪಾಲಿಗೆ ವಿವಾದಗ್ರಸ್ತ ವಿಷಯವಾಗಿತ್ತು.

ಹೊಸಕೆರೆಹಳ್ಳಿಯ ಪಕ್ಕದ ನಮ್ಮ ಬಡಾವಣೆಯಲ್ಲಿ ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ನಿವಾಸಿಗಳ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಸಂಘಕ್ಕೆ ಒಂದು ದೊಡ್ಡ ಮೈದಾನವಿದೆ, ಅದರ ಹುಲ್ಲು ಕೊಯ್ಯಲು ಮೇಲೆ ಕುಳಿತು ಓಡಿಸುವ ಹಳೆಯ ಪುಟ್ಟ ಟ್ರ್ಯಾಕ್ಟರೊಂದಿದೆ. ಓಡಿಸುವವರು ತೋಟದ ಕೆಲಸದ ಲಕ್ಷ್ಮಮ್ಮ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಅವರು ಹೊರಟರೆ, ಬೆಳಗಿನ ವಾಯುವಿಹಾರಿಗಳೆಲ್ಲ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಾರೆ.

ಎಣ್ಣೆ ಬದಲಿಸುತ್ತಿದ್ದ ಮೆಕ್ಯಾನಿಕ್ ಊರು ಬಿಟ್ಟ ಮೇಲೆ, ಯಂತ್ರದ ಕೈಪಿಡಿಯನ್ನು ಓದಬಲ್ಲವನೆಂಬ ಏಕೈಕ ಅರ್ಹತೆಯಿಂದ ಆ ಕೆಲಸ ನನ್ನ ತಲೆಗೆ ಬಂತು. ಹಳೆಯ ಎಣ್ಣೆ ಇಳಿಸುವ ಬೋಲ್ಟು ಎಂಜಿನ್ನಿನ ತಳದಲ್ಲಿ, ಕೈಗೆಟುಕದ ನಟ್ಟನಡುವೆ ಇತ್ತು. ಜಾಕ್ ಹಾಕಿ ಮುಂಭಾಗ ಎತ್ತಿ, ಎರಡೂ ಕಡೆ ಇಟ್ಟಿಗೆ ಜೋಡಿಸಿ, ನಾನು ಅಂಗಾತ ಮಲಗಿ ಒಳಗೆ ತೆವಳಿದೆ. ಅಕ್ಷ ಎಂಬುದಕ್ಕೆ ಕಣ್ಣೆಂದೂ ಬಂಡಿಯ ಅಚ್ಚೆಂದೂ ಎರಡರ್ಥವಿದೆಯಲ್ಲ. ಅಚ್ಚಿನ ಮೇಲಿರಬೇಕಾದ ಅಧ್ಯಕ್ಷ, ಅಚ್ಚಿನ ಕೆಳಗೆ ಸೇರಿ ಅಧೋಕ್ಷಜನಾಗಿದ್ದೆ. ಈ ಶ್ಲೇಷೆಗೆ ನಾನೇ ನಗುತ್ತಿರುವಾಗ ಎಡಗಡೆಯ ಇಟ್ಟಿಗೆ ಪುಡಿಯಾಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಬಿಸ್ಕತ್ತು ಮುರಿದಂಥ ಸದ್ದು. ಮೇಲಿನ ಕಬ್ಬಿಣ ನಾಲ್ಕು ಬೆರಳಿನಷ್ಟು ಕೆಳಗಿಳಿದು ಅಂಗಿಯ ಗುಂಡಿಗೆ ತಾಗಿ ನಿಂತಿತು. ಪೂರ್ತಿ ಉಸಿರೆಳೆದರೆ ಎದೆ ಕಬ್ಬಿಣಕ್ಕೆ ಒತ್ತುತ್ತಿತ್ತು. ಆದ್ದರಿಂದ ಅರ್ಧ ಉಸಿರಿನಲ್ಲೇ ಬದುಕಬೇಕಾಯಿತು. ದಿನವೂ ಸಂಧ್ಯಾವಂದನೆಯಲ್ಲಿ ಹೇಳುವ ಇಪ್ಪತ್ತನಾಲ್ಕು ನಾಮಗಳಲ್ಲಿ ಎರಡರ ನಂತರ ಮೂರನೆಯದು ನೆನಪಾಗಲಿಲ್ಲ. ಆಗ ಲಕ್ಷ್ಮಮ್ಮನವರ ದನಿ ಕೇಳಿಸಿತು.

"ಅಲ್ಲಾಡ್ಬೇಡಿ ಸಾರ್. ಜಾಕ್ ಇನ್ನೂ ಹಿಡ್ಕೊಂಡಿದೆ. ನಾನು ಕಾಲು ಹಿಡ್ಕೊಂಡು ಎಳೀತೀನಿ, ನೀವು ಮುಖ ಒಂದ್ಕಡೆ ತಿರುಗಿಸ್ಕೊಳ್ಳಿ."

ಎಳೆದರು. ಎರಡು ಗುಂಡಿ ಅಲ್ಲೇ ಉಳಿದವು, ನಾನು ಹೊರಗೆ ಬಂದೆ.

ಮನೆಯಲ್ಲಿ ಹೇಳಲಿಲ್ಲ. ಆದರೆ ಮಧ್ಯಾಹ್ನ ಊಟವಾಗಿ ಮಲಗಿದರೆ ತಲೆಯ ಮೇಲಿನ ಫ್ಯಾನು ಮೆಲ್ಲಗೆ ಕೆಳಗಿಳಿಯುತ್ತಿರುವಂತೆ ಕಾಣುತ್ತಿತ್ತು. ಎಣ್ಣೆ ಬದಲಿಸುವ ಮಾತು ಬಂದಾಗಲೆಲ್ಲ ನನಗೆ ಸೊಂಟನೋವು ಬರುತ್ತಿತ್ತು, ಇಲ್ಲವೇ ದೂರದ ನೆಂಟರಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ಎಂಜಿನ್ನು ಕೆಮ್ಮತೊಡಗಿತು. ಕೊನೆಗೊಂದು ಬೆಳಿಗ್ಗೆ ಲಕ್ಷ್ಮಮ್ಮ ಗೇಟಿನ ಬಳಿ ನಿಂತು, "ಬಿಡಿ ಸಾರ್, ನಾಳೆ ನಾನೇ ಒಳಗೆ ಹೋಗ್ತೀನಿ" ಎಂದರು. ಒಳ್ಳೆಯ ಇಟ್ಟಿಗೆಗಳನ್ನು ಆರಿಸಿಯೂ ಇಟ್ಟಿದ್ದರಂತೆ.

ಓದುಗರೇ, ಆಗ ಹುಟ್ಟಿದ ಭಯದ ಮುಂದೆ ಹಿಂದಿನದು ಏನೇನೂ ಅಲ್ಲ. ಆ ಕಬ್ಬಿಣದ ಕೆಳಗೆ ನನ್ನ ಎದೆಯ ಜಾಗದಲ್ಲಿ ಅವರ ಎದೆ, ಅದೂ ನನ್ನ ಸುಳ್ಳು ಸೊಂಟನೋವಿನ ದೆಸೆಯಿಂದ. ಎರಡು ದಿನ ಯಂತ್ರ ಮುಟ್ಟಬೇಡಿ ಎಂದು ಕೇಳಿಕೊಂಡು ಬಸ್ಸು ಹತ್ತಿ ಮಡಿವಾಳಕ್ಕೆ ಹೋದೆ.

ಅಲ್ಲಿ ಗ್ಯಾರೇಜಿನ ಮಂಜಣ್ಣ ನನ್ನ ಫೋನಿನಲ್ಲಿದ್ದ ಯಂತ್ರದ ಚಿತ್ರ ನೋಡಿ, ಪ್ರತಿಸಲ ಕೆಳಗೆ ಹೋಗುವ ಕರ್ಮವಾದರೂ ಏಕೆ ಎಂದರು. ಬೋಲ್ಟಿನ ಜಾಗಕ್ಕೆ ಶಾಖ ತಡೆಯುವ ಪೈಪೊಂದನ್ನು ಕೂರಿಸಿ, ಪಕ್ಕಕ್ಕೆ ತಂದು, ತುದಿಗೆ ಪುಟ್ಟ ನಲ್ಲಿ ಹಾಕಿದರೆ ಮುಗಿಯಿತು. ಐದು ನಿಮಿಷ ಎಂಜಿನ್ ಓಡಿಸಿ ಆರಿಸಿದರೆ ಎಣ್ಣೆ ತೆಳುವಾಗಿ ತಾನೇ ಇಳಿಯುತ್ತದೆ. ಆದರೆ ಪೈಪು ಕೂರಿಸಲು ಒಂದು ಸಲ ಕೆಳಗೆ ಹೋಗಲೇಬೇಕು. ನೀವೇ ಬಂದು ಮಾಡಿಕೊಡಿ ಎಂದೆ. ಅವರು ಬಲಗೈ ಚಾಚಿದರು, ಎರಡು ಬೆರಳಿರಲಿಲ್ಲ. ಜಾಕ್ ಜಾರಿದ ದಿನದಿಂದ ಯಾವ ಗಾಡಿಯ ಕೆಳಗೂ ಹೋಗಿಲ್ಲವಂತೆ. ಪೈಪು, ನಲ್ಲಿಯ ಜೊತೆಗೆ ನಾಲ್ಕು ಗಟ್ಟಿ ಮರದ ದಿಮ್ಮಿಗಳನ್ನು ಆಟೋಗೆ ಹಾಕಿ, "ಇಟ್ಟಿಗೇನ ಮಾತ್ರ ನಂಬಬೇಡಿ ಸಾರ್" ಎಂದರು.

ಮರುದಿನ ಲಕ್ಷ್ಮಮ್ಮ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ದಿಮ್ಮಿಗಳ ಮೇಲೆ ಭಾರ ಕೂರಿಸಿ, ಯಂತ್ರವನ್ನು ಹಿಡಿದು ಅಲ್ಲಾಡಿಸಿ ನೋಡಿದರು. ತಾವೇ ಹೋಗುತ್ತೇನೆಂದು ಮತ್ತೊಮ್ಮೆ ಹೇಳಿದರು. ಬೇಡವೆಂದು ನಾನು ಮಲಗಿದೆ. ಧೈರ್ಯದಿಂದಲ್ಲ; ಹೊರಗೆ ನಿಂತು ನೋಡುವ ಧೈರ್ಯವಿರಲಿಲ್ಲ, ಅಷ್ಟೆ. ಸ್ಪ್ಯಾನರ್ ಜಾರಿ ಎರಡು ಸಲ ಹಣೆಗೆ ಬಡಿಯಿತು. ಬೋಲ್ಟು ಬಿಚ್ಚಿದಾಗ ಬೆಚ್ಚನೆಯ ಎಣ್ಣೆ ಮೊಣಕೈವರೆಗೆ ಇಳಿಯಿತು. ನಿಮಿಷಕ್ಕೊಮ್ಮೆ, "ಲಕ್ಷ್ಮಮ್ಮ, ಇದ್ದೀರಾ?" ಎಂದು ಕೇಳುತ್ತಿದ್ದೆ. "ಇದ್ದೀನಿ ಸಾರ್" ಎನ್ನುತ್ತಿದ್ದರು. ಪೈಪು ಬಿಗಿಯಾಗಿ ಕೂತಿತು.

ಅಂದಿನಿಂದ ಆ ಯಂತ್ರದ ಕೆಳಗೆ ಯಾರೂ ಹೋಗಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಲ್ಲಿ ತಿರುಗಿಸಿದರೆ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಎಣ್ಣೆಯೆಲ್ಲ ಡಬ್ಬಕ್ಕೆ ಇಳಿದಿರುತ್ತದೆ. ಆದರೆ ನಾನು ಹೇಳಹೊರಟದ್ದು ನಲ್ಲಿಯ ಗುಣಗಾನವಲ್ಲ.

ಅಂದು ಹೊರಗೆ ಬಂದು ಬೆಂಚಿನ ಮೇಲೆ ಕುಸಿದು, ನಿಮ್ಮ ಗಟ್ಟಿ ಗುಂಡಿಗೆಯಲ್ಲಿ ಕಾಲುಭಾಗ ನನಗಿದ್ದಿದ್ದರೆ ಎಂದು ಲಕ್ಷ್ಮಮ್ಮನವರಿಗೆ ಹೇಳಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು, ಒರೆಸುತ್ತಲೇ ಇದ್ದರು.

"ನಂಗೆಲ್ಲಿ ಗಟ್ಟಿ ಸಾರ್. ನೀವು ಮಾತಾಡ್ತಿದ್ದಾಗ ಸರಿ. ಸುಮ್ನಾದ್ರೆ ನಂಗೆ ಕಾಲೇ ನಿಲ್ತಿರ್ಲಿಲ್ಲ."

ಹೆದರಿಕೆ ನನ್ನೊಬ್ಬನದೇ ಸ್ವಂತ ಆಸ್ತಿಯೆಂದು ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದೆ. ಬೆಂಚಿನ ಒಂದು ಕೊನೆಗೆ ಸರಿದು ಜಾಗ ಮಾಡಿದೆ. ಅವರು ಇನ್ನೊಂದು ಕೊನೆಯಲ್ಲಿ ಕೂತರು. ಹೊಸ ಎಣ್ಣೆಯ ಡಬ್ಬ ತೆರೆಯುವಷ್ಟು ಸ್ತಿಮಿತ ಇಬ್ಬರ ಕೈಗೂ ಬರಲು ಬಹಳ ಹೊತ್ತು ಹಿಡಿಯಿತು.