ಗಾಲಿ ತಿರುಗದ ಮಂಗಳವಾರ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ತಿಕೋಟಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಆಕ್ಸಿಲರಿ ನರ್ಸ್ ಮಿಡ್‌ವೈಫ್ ಎಂಬುದು ಅದರ ಪೂರ್ಣ ಹೆಸರು. ಹಳ್ಳಿಗಳಿಗೆ ಹೋಗಿ ಗರ್ಭಿಣಿಯರನ್ನು ಪರೀಕ್ಷಿಸುವುದು, ಹೆರಿಗೆ ಮಾಡಿಸುವುದು, ಕೂಸುಗಳಿಗೆ ಲಸಿಕೆ ಹಾಕುವುದು ಕೆಲಸ. ಜನರಿಗೆ ಇಷ್ಟುದ್ದದ ಹೆಸರು ಬೇಕಿರಲಿಲ್ಲ. ಅವರ ಬಾಯಲ್ಲಿ ನಾನು ‘ನರ್ಸಬಾಯಿ’.

ಇಲಾಖೆ ನನಗೊಂದು ಲೇಡೀಸ್ ಸೈಕಲ್ ಕೊಟ್ಟಿತ್ತು. ಬೇರೆ ನರ್ಸುಗಳು ಅದನ್ನು ಕಂಡರೆ ಹೆದರುತ್ತಿದ್ದರು. ನನಗೆ ಆ ಹೆದರಿಕೆ ಇರಲಿಲ್ಲ. ವಿಜಾಪುರದಲ್ಲಿ ನಮ್ಮ ಅಬ್ಬಾ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು; ನಾನು ಅಕ್ಷರ ಕಲಿಯುವ ಮೊದಲೇ ಪಂಕ್ಚರ್ ಹಾಕುವುದನ್ನು ಕಲಿತವಳು. ಊರಿನ ಹೆಸರು ಈಗ ವಿಜಯಪುರ ಎಂದಾಗಿದೆ, ನನ್ನ ನಾಲಿಗೆಗೆ ಇನ್ನೂ ವಿಜಾಪುರವೇ.

ತಿಕೋಟಾದಿಂದ ಘೋಣಸಗಿ ಕಡೆಗೆ ಹೋಗುವ ರಸ್ತೆ ಬರಗಾಲದ ಕಾಮಗಾರಿಯಲ್ಲಿ ಆದದ್ದು. ಖಡಿ ಎಂಬ ಜಲ್ಲಿಕಲ್ಲು ಹರಡಿ, ಮೇಲೆ ಗರಸು ಮಣ್ಣು ಚೆಲ್ಲಿ, ಡಾಂಬರಿನ ಮಾತು ಬಂದಾಗ ಕೆಲಸ ನಿಲ್ಲಿಸಿದ್ದರು. ಬಸ್ಸು ಬರುತ್ತಿರಲಿಲ್ಲ, ಲಾರಿ ಬರುತ್ತಿರಲಿಲ್ಲ. ಒಂದು ಮರಡಿ ಹತ್ತಿ ಇಳಿದರೆ ಇನ್ನೊಂದು ಮರಡಿ, ಕಲ್ಲು ತುಂಬಿದ ಬೋಳು ದಿಬ್ಬಗಳು, ನಡುವೆ ಕರಿ ಹೊಲ. ಎತ್ತಿನ ಬಂಡಿಯ ಗಾಲಿಗಳು ಖಡಿಯನ್ನು ಒತ್ತಿ ಒತ್ತಿ ಎರಡು ಗೆರೆ ಮಾಡಿರುತ್ತಿದ್ದವು. ಆ ಗೆರೆ ಹಿಡಿದರೆ ಸೈಕಲ್ ಸರಾಗ, ಬಿಟ್ಟರೆ ಹಲ್ಲು ಕಟಕಟ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ಹೊರಟಾಗ ನನಗೆ ಆಗುತ್ತಿದ್ದ ಸಂತೋಷ ಸಣ್ಣದಲ್ಲ. ಅದಕ್ಕೆ ಸರ್ಕಾರ ಸಂಬಳವನ್ನೂ ಕೊಡುತ್ತದಲ್ಲ ಎಂದು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ.

ಮುಂಗಾರಿ ಬಿತ್ತನೆ ಮುಗಿದ ಮೇಲಿನ ಒಂದು ಮಂಗಳವಾರ ಬೆಳಗ್ಗೆ ಘೋಣಸಗಿ ಕಡೆಯ ಒಂದು ಸಣ್ಣ ಊರಿನಿಂದ ಮಲ್ಲಪ್ಪ ಎಂಬ ರೈತ ನಡೆದುಕೊಂಡು ಬಂದ. ಹೆಂಡತಿ ನೀಲವ್ವನಿಗೆ ನಸುಕಿನಿಂದ ಹೆರಿಗೆ ಬ್ಯಾನಿ ಶುರುವಾಗಿತ್ತು. ಎರಡನೇ ಹೆರಿಗೆ, ಮೊದಲನೆಯ ಕೂಸು ಹುಟ್ಟುತ್ತಲೇ ಹೋಗಿತ್ತು.

“ಸೂಲಗಿತ್ತಿ ಹೊಟ್ಟಿ ಮುಟ್ಟಿ ನೋಡಿ, ಇದು ನನ್ನ ಕೈಲಿ ಆಗಾಂಗಿಲ್ಲ, ಬಾಯಾರ್ನ ಕರಕೊಂಡ ಬಾ ಅಂದಾಳ್ರಿ,” ಎಂದ.

ಬಂಡಿ ಯಾಕೆ ತರಲಿಲ್ಲ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಕ್ಯಾರಿಯರ್ ಮೇಲೆ ಕೂಡು ಎಂದೆ. ಹೆಂಗಸು ತುಳಿಯುವ ಸೈಕಲ್ಲಿನ ಹಿಂದೆ ಕೂಡುವುದೆಂದರೆ ಅವನಿಗೆ ಎಲ್ಲಿಲ್ಲದ ಸಂಕೋಚ. “ನೀವು ಮುಂದ ನಡೀರಿ, ನಾ ಬೆನ್ನ ಹಿಂದ ಓಡಿ ಬರತೀನಿ,” ಎಂದ. ಚೀಲ ಕಟ್ಟಿಕೊಂಡು ಹೊರಟೆ.

ಆ ದಿನದ ರಸ್ತೆ ಎಂದಿಗಿಂತಲೂ ಖಾಲಿ ಇತ್ತು. ಊರು ಹತ್ತಿರವಾದಂತೆ ಒಂದು ಬಂಡಿಯೂ ಎದುರಾಗಲಿಲ್ಲ, ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆಯುವ ಒಬ್ಬ ಆಳೂ ಕಾಣಲಿಲ್ಲ. ಕಾರಣ ಊರ ಸೀಮೆಗೆ ಬಂದಾಗ ಗೊತ್ತಾಯಿತು. ಬೇವಿನ ಗಿಡದ ಕೆಳಗೆ ಐದಾರು ಹಿರಿಯರು ಕುಳಿತಿದ್ದರು. ಅವರಲ್ಲಿ ಶಿವಪ್ಪಜ್ಜ ಎಂಬ, ಊರ ಪಂಚರಲ್ಲೇ ಹಿರಿಯನಾದವನು ಎದ್ದು ಕೈ ಅಡ್ಡ ಹಿಡಿದ.

“ಇಳೀರಿ ಬಾಯಿ. ಊರು ವಾರ ಹಿಡದೈತಿ.”

ವಾರ ಹಿಡಿಯುವುದೆಂದರೆ, ಮಳೆ ಬೆಳೆ ಚೆನ್ನಾಗಿರಲಿ, ರೋಗ ರುಜಿನ ಬರದಿರಲಿ ಎಂದು ಊರ ದೇವಿಯ ಹೆಸರಲ್ಲಿ ಇಡೀ ಊರು ಪಾಲಿಸುವ ಬಿಡುವು. ಕೆಲವು ವಾರಗಳ ಮಟ್ಟಿಗೆ ಗೊತ್ತುಮಾಡಿದ ದಿನ ಯಾರೂ ಹೊಲಕ್ಕೆ ಹೋಗುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ, ಎತ್ತು ಹೂಡುವಂತಿಲ್ಲ. ಆ ಊರಿನ ಕಟ್ಟಳೆಯಲ್ಲಿ ಸೀಮೆಯೊಳಗೆ ಗಾಲಿಯೂ ತಿರುಗುವಂತಿಲ್ಲ. ಸೈಕಲ್ಲಿಗೆ ಎರಡು ಗಾಲಿ ಇದ್ದುದರಿಂದ ಅದೂ ತಪ್ಪಿತಸ್ಥನ ಸ್ಥಾನದಲ್ಲಿ ನಿಂತಿತು. ತಳ್ಳಿಕೊಂಡು ಹೋದರೆ ಗಾಲಿ ತಿರುಗಿದಂತೆ ಆಗುತ್ತದೋ ಇಲ್ಲವೋ ಎಂದು ಹಿರಿಯರು ವಾದಕ್ಕೆ ಕುಳಿತರು. ನಾನು ಸೈಕಲ್ಲನ್ನು ಬೇವಿಗೆ ಒರಗಿಸಿ, ಚೀಲ ಹೆಗಲಿಗೆ ಹಾಕಿ ನಡೆದೇ ಬಿಟ್ಟೆ.

ಮನೆ ಸೇರಿ ನೀಲವ್ವನ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದೆ. ಕೂಸಿನ ತಲೆ ಕೆಳಗೂ ಇರಲಿಲ್ಲ, ಮೇಲೂ ಇರಲಿಲ್ಲ. ಬಲ ಪಕ್ಕೆಯಲ್ಲಿ ಸಿಕ್ಕಿತು. ನಮ್ಮ ಭಾಷೆಯಲ್ಲಿ ಟ್ರಾನ್ಸ್‌ವರ್ಸ್ ಲೈ, ಅಂದರೆ ಕೂಸು ಅಡ್ಡ ಮಲಗಿದೆ. ಹಾಗೆ ಉಳಿದರೆ ಅದು ತಾನಾಗಿ ಹುಟ್ಟಲಾರದು, ಆಪರೇಷನ್ನೇ ಆಗಬೇಕು. ಫೀಟೋಸ್ಕೋಪ್ ಎಂಬ ತುತ್ತೂರಿಯಂಥ ಕೊಳವೆ ಇಟ್ಟು ಕೇಳಿದೆ. ಕೂಸಿನ ಎದೆ ಚೆನ್ನಾಗಿ ಬಡಿಯುತ್ತಿತ್ತು. ನೀರಿನ ಚೀಲ ಇನ್ನೂ ಒಡೆದಿರಲಿಲ್ಲ. ಒಡೆದರೆ ಕೂಸಿನ ಕೈಯೋ ಹೊಕ್ಕುಳ ಹುರಿಯೋ ಹೊರಗೆ ಜಾರಿ, ಕೂಸೂ ಹೋಗಬಹುದು, ತಾಯಿಯೂ ಹೋಗಬಹುದು. ಅದು ಒಡೆಯುವ ಮೊದಲು ಆಕೆ ವಿಜಾಪುರದ ಆಸ್ಪತ್ರೆಯಲ್ಲಿರಬೇಕಿತ್ತು.

ನೀಲವ್ವ ನನ್ನ ಮುಂಗೈ ಹಿಡಿದುಕೊಂಡಳು. “ಇದಾದ್ರೂ ಉಳೀತೈತೇನ್ರಿ ಬಾಯಿ?” ಎಂದು ಒಂದೇ ಸಲ ಕೇಳಿದಳು.

“ಉಳಿಸೂಣು,” ಎಂದೆ. ಹಾಗೆನ್ನುವ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ಹಿರಿಯರು ನನ್ನ ಹಿಂದೆಯೇ ಬಂದು ಮನೆಯೆದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಹೊರಗೆ ಬಂದು ಬಂಡಿ ಕೇಳಿದೆ. ಊರ ತುಂಬ ಬಂಡಿಗಳಿದ್ದವು, ಎಲ್ಲವೂ ನೊಗ ಇಳಿಸಿ ಸುಮ್ಮನೆ ನಿಂತಿದ್ದವು. ಶಿವಪ್ಪಜ್ಜ ತಲೆ ಅಲ್ಲಾಡಿಸಿದ. “ಒಂದ ಮನಿ ಸಲುವಾಗಿ ವಾರ ಮುರಿದ್ರ, ನಾಳೆ ಊರಾಗ ಏನರ ಆದ್ರ ಅದರ ಪಾಪ ಇದ ಮನೀ ಮ್ಯಾಲ ಬರತೈತಿ, ತಂಗಿ. ಅದನ್ನ ಅವರು ಹ್ಯಾಂಗ ತಡಕೋತಾರ?” ಅವನು ಕಲ್ಲೆದೆಯವನಲ್ಲ, ಅವನ ಕಣ್ಣು ತೇವವಾಗಿತ್ತು. ಆದರೂ ನನ್ನ ಪಿತ್ತ ನೆತ್ತಿಗೇರಿತು. ಒಳಗೆ ಎರಡು ಜೀವ ಹೋಗುತ್ತಿವೆ, ನೀವು ಗಾಲಿ ಕಾಯುತ್ತೀರಿ ಎಂದು ಬಾಯಿಗೆ ಬಂದಂತೆ ಆಡಿದೆ. ಯಾರೂ ಏಳಲಿಲ್ಲ.

ಆಗ ನೀಲವ್ವನ ಅತ್ತೆ ಗಂಗವ್ವ ಹೊಸ್ತಿಲು ದಾಟಿ ಬಂದಳು. ವಾರದ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನ ಹೆಂಗಸು ಎಂದು ಹೆಸರಾದವಳು. ಕಟ್ಟೆಯ ಮೇಲೆ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

“ಗಾಲಿ ತಿರಗೂದು ಬ್ಯಾಡ ಬಿಡ್ರಿ,” ಎಂದಳು. “ನಿಮ್ಮ ಹೆಗಲಿಗೂ ವಾರ ಐತೇನು?”

ಶಿವಪ್ಪಜ್ಜ ಎದ್ದು ನಿಂತ. ಆಮೇಲೆ ತಲೆಯ ರುಮಾಲು ಬಿಚ್ಚಿದ, ಮಡಚಿದ, ಹೆಗಲ ಮೇಲೆ ಇಟ್ಟುಕೊಂಡ. “ಹೊರಸು ತರ್ರಿ,” ಎಂದ.

ನನಗೆ ಹೊಳೆಯದೇ ಇದ್ದ ಸಂಗತಿ ಆಗ ಕಣ್ಣಿಗೆ ಬಿತ್ತು. ಬೇರೆ ಯಾವ ದಿನವಾದರೂ ಆ ಹೊತ್ತಿಗೆ ಊರಲ್ಲಿ ಮುದುಕರು, ಕೂಸುಗಳು ಬಿಟ್ಟರೆ ಯಾರೂ ಸಿಗುತ್ತಿರಲಿಲ್ಲ. ವಾರದ ದಿನವಾದ್ದರಿಂದ ಊರಿನ ಗಂಡಸರೆಲ್ಲ ಮನೆಯಲ್ಲಿದ್ದರು. ಹೊರಸು ಎಂಬ ಹಗ್ಗದ ಮಂಚಕ್ಕೆ ಎರಡು ಬಿದಿರು ಬಿಗಿದು, ಕೌದಿ ಹಾಸಿ ನೀಲವ್ವನನ್ನು ಎಡ ಮಗ್ಗುಲಾಗಿ ಮಲಗಿಸಿದೆವು. ಓಡಿ ಸುಸ್ತಾಗಿ ಆಗತಾನೇ ಬಂದು ತಲುಪಿದ್ದ ಮಲ್ಲಪ್ಪ, ಉಸಿರು ಸಹ ಸುಧಾರಿಸಿಕೊಳ್ಳದೆ ಒಂದು ತುದಿಗೆ ಹೆಗಲು ಕೊಟ್ಟ.

ನಾನು ಜೊತೆಗೆ ನಡೆಯಲೋ, ಮುಂದೆ ಹೋಗಿ ವಾಹನ ನೋಡಲೋ? ಸೈಕಲ್ ತುಳಿಯಲು ಬರುವವಳು ನಾನೊಬ್ಬಳೇ. ನೀರು ಒಡೆದರೆ ಸೊಂಟದ ಕೆಳಗೆ ಕೌದಿ ಮಡಚಿ ಇಟ್ಟು ಎತ್ತರ ಮಾಡಬೇಕೆಂದು ಸೂಲಗಿತ್ತಿಗೆ ಹೇಳಿ, ಸೀಮೆಯ ಬೇವಿನವರೆಗೆ ಓಡಿ, ಸೈಕಲ್ ಹತ್ತಿದೆ.

ಅಂದು ತುಳಿದಂತೆ ನಾನು ಮತ್ತೆಂದೂ ತುಳಿದಿಲ್ಲ. ಏರಿನಲ್ಲಿ ಪೆಡಲ್ ಮೇಲೆ ಎದ್ದು ನಿಂತೆ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟಲಿಲ್ಲ. ಎರಡನೇ ಮರಡಿಯ ತಿರುವಿನಲ್ಲಿ ಖಡಿ ಜಾರಿ ಬಿದ್ದೆ. ಮೊಣಕಾಲು ತರಚಿತು, ಹ್ಯಾಂಡಲ್ ಒಂದು ಕಡೆಗೆ ಸೊಟ್ಟಗಾಯಿತು. ಅಬ್ಬಾ ಮಾಡುತ್ತಿದ್ದಂತೆ ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಹ್ಯಾಂಡಲ್ ತಿರುಚಿ ನೆಟ್ಟಗೆ ಮಾಡಿ ಮತ್ತೆ ಹತ್ತಿದೆ. ಅಕ್ಕಪಕ್ಕ ಒಂದು ನರಪಿಳ್ಳೆಯೂ ಇರಲಿಲ್ಲ. ಅಳು ಬಂತು, ನೋಡುವವರಿಲ್ಲ ಎಂದು ಅತ್ತೆ, ಅಳುತ್ತಲೇ ತುಳಿದೆ.

ತಿಕೋಟಾದಲ್ಲಿ ಜೀಪೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ಬಬಲೇಶ್ವರದಲ್ಲಿ ಕ್ಯಾಂಪ್ ಎಂದು ಹೋಗಿದ್ದರು. ಅಂಚೆ ಕಚೇರಿಯಿಂದ ಫೋನ್ ಹಚ್ಚಿಸಿದೆ. ಲೈನು ಸಿಗುವುದು ಆ ಕಾಲದಲ್ಲಿ ದೇವರಿಗೆ ಬಿಟ್ಟದ್ದು; ಅಂದು ದೇವರು ಬಿಡುವಾಗಿದ್ದ. ಬಬಲೇಶ್ವರದ ಪೋಸ್ಟ್‌ಮಾಸ್ತರರು ತಾವೇ ಕ್ಯಾಂಪಿಗೆ ಹೋಗಿ ಹೇಳಿದರು. ಜೀಪು ಬಂತು, ನಾನೂ ಹತ್ತಿದೆ.

ಹೊರಸು ಅಷ್ಟರಲ್ಲಿ ಮುಕ್ಕಾಲು ದಾರಿ ಬಂದಿತ್ತು. ನಾಲ್ವರು ಹೊತ್ತಿದ್ದರು, ಉಳಿದವರು ಹಿಂದೆ ಸಾಲಾಗಿ, ದಣಿದವನು ಸರಿದರೆ ತಾನು ಹೆಗಲು ಕೊಡಲು ಕಾದು ನಡೆಯುತ್ತಿದ್ದರು. ಡಾಕ್ಟರು ಜಾಲಿ ಗಿಡದ ನೆರಳಲ್ಲಿ ಹೊರಸು ಇಳಿಸಿ ಪರೀಕ್ಷಿಸಿದರು. ಕೂಸಿನ ಎದೆಬಡಿತ ಇತ್ತು. ನೀರು ಒಡೆದಿರಲಿಲ್ಲ. ಡ್ರೈವರ್ ದಸ್ತಗೀರ್ ಜೀಪಿನ ಹಿಂದಿನ ಬಾಗಿಲು ತೆಗೆದ.

“ಬ್ಯಾಡ,” ಎಂದರು ಡಾಕ್ಟರು. “ಈ ಖಡಿ ಮ್ಯಾಲ ಜೀಪು ಕುಣೀತೈತಿ. ಇಲ್ಲೀತನ ಒಂದು ಧಕ್ಕಿ ಇಲ್ಲದ ಬಂದಾಳ. ಡಾಂಬರ್ ರೋಡ್ ಸಿಗೂತನ ಹಿಂಗ ಬರಲಿ.”

ಬಂಡಿ ಸಿಕ್ಕಿದ್ದರೆ ಈ ಖಡಿಯ ಮೇಲೆ ಆಕೆ ಕುಲುಕಾಡುತ್ತ ಬರುತ್ತಿದ್ದಳು, ನೀರಿನ ಚೀಲ ದಾರಿಯಲ್ಲೇ ಒಡೆಯಬಹುದಿತ್ತು ಎಂಬುದು ನನಗೆ ಆಗ ಅರ್ಥವಾಯಿತು. ಅದೇ ಬಂಡಿಗಾಗಿ ನಾನು ಊರ ಮುಂದೆ ನಿಂತು ಜಗಳಾಡಿದ್ದೆ. ಹೊರಸು ಮತ್ತೆ ಎದ್ದಿತು. ಜೀಪು ಅದರ ಹಿಂದೆ ಎತ್ತಿನ ನಡಿಗೆಯಲ್ಲಿ ಬಂತು.

ವಿಜಾಪುರದಲ್ಲಿ ಆಪರೇಷನ್ ಆಯಿತು. ಹೆಣ್ಣು ಕೂಸು, ಎದೆ ತುಂಬ ಕೂಗಿತು. ನೀಲವ್ವ ಎಚ್ಚರವಾದಾಗ ಕೂಸನ್ನು ಪಕ್ಕದಲ್ಲಿ ಮಲಗಿಸಿದೆ. ಆಕೆ ಅದರ ಮೂಗಿನ ಕೆಳಗೆ ಬೆರಳು ಹಿಡಿದು, ಉಸಿರು ತಾಗುವವರೆಗೆ ಹಾಗೇ ಇದ್ದಳು.

ಬಾಣಂತಿ ನೋಡಲು ಊರಿಗೆ ಹೋದಾಗ, ಡಾಕ್ಟರು ಹೇಳಿದ್ದನ್ನು ಶಿವಪ್ಪಜ್ಜನಿಗೆ ನೆನಪಿಸಿ, ಅಂದಿನ ನನ್ನ ಸಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವನು ನಕ್ಕ. “ದೇವಿ ಉಳಿಸಿದ್ಲು ಅಂತ ನಾ ಅಂತೀನಿ, ಡಾಕ್ಟರ್ ಉಳಿಸಿದ್ರು ಅಂತ ನೀ ಅಂತಿ. ಹೊತ್ತವರು ಮಾತ್ರ ಹೆಗಲ ನೋಯತಾವ ಅಂತ ಇನ್ನೂ ಅನ್ನಾಕತ್ತಾರ.”

ಆಮೇಲೆ ಎಷ್ಟೋ ವರ್ಷ ಹೊಸ ನರ್ಸುಗಳಿಗೆ ತರಬೇತಿ ಕೊಟ್ಟೆ. ಇಲ್ಲದ ವಾಹನಕ್ಕಾಗಿ ಬೈಯುತ್ತ ನಿಲ್ಲುವುದು ನಮ್ಮ ವೃತ್ತಿಯಲ್ಲಿ ಬಹಳ ಸುಲಭ. ಅದಕ್ಕೇ ಅವರಿಗೆ ಹೇಳುತ್ತಿದ್ದೆ: ಮೊದಲು ತಾಯಿಯ ಹೊಟ್ಟೆ ನೋಡಿ, ಆಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಯಾರು ಯಾರು ಕುಳಿತಿದ್ದಾರೆ ನೋಡಿ. ಅವರು ಎದ್ದು ಬರುತ್ತಾರೆ, ನಿಮ್ಮ ಕೈಲಿ ಏನು ಮಾಡಲು ಆಗುತ್ತದೆ ಎಂದು ನೀವು ಅವರನ್ನು ಕೇಳಿದರೆ ಸಾಕು.