ನಿಂತ ಗಾಡಿಯ ಚಾರ್ಜರು

ಮೊನ್ನೆ ಚಾಮರಾಜನಗರದ ಅಂಗಡಿಯೊಂದರಲ್ಲಿ ಕಾರಿನ ಬ್ಯಾಟರಿಗೆ ಚಾರ್ಜರು ಕೊಳ್ಳಲು ನಿಂತಿದ್ದೆ. ನಮ್ಮ ಕಾರು ಈಚೆಗೆ ಬೆಳಿಗ್ಗೆ ಎದ್ದೇಳಲು ಒಲ್ಲೆ ಎನ್ನುತ್ತದೆ. ಮೆಕ್ಯಾನಿಕ್ ಬಂದು ನೋಡಿ, ಗಾಡಿಯಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿ ಹೋಗಿದ್ದಾನೆ. ಅಂಗಡಿಯಾತ ಡಬ್ಬಿ ಬಿಚ್ಚಿದಾಗ ಕೆಂಪು, ಕಪ್ಪು ವೈರುಗಳಿಂದ ಹೊಸ ರಬ್ಬರಿನ ವಾಸನೆ ಬಂತು. ನಿಮಗೂ ಹೀಗಾಗುತ್ತದೋ ಇಲ್ಲವೋ, ನನಗೆ ಮಾತ್ರ ಮೂಗಿಗೆ ವಾಸನೆ ತಾಗುವುದೇ ತಡ, ಮನಸ್ಸು ಬೇರೆ ಊರಿನ ಬಸ್ಸು ಹತ್ತಿರುತ್ತದೆ. ಅವತ್ತು ಅದು ಭೀಮನಬೀಡಿನಲ್ಲಿ, ನನ್ನ ದೊಡ್ಡಪ್ಪನ ಮನೆ ಮುಂದೆ ಇಳಿಯಿತು.

ದೊಡ್ಡಪ್ಪನದು ಚೆಂಡು ಹೂವಿನ ಬೇಸಾಯ. ಹೂವನ್ನು ಗುಂಡ್ಲುಪೇಟೆಗೆ ಸಾಗಿಸಲು ಹಳೆಯದೊಂದು ವ್ಯಾನಿತ್ತು. ಅದರ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸತ್ತು ಮಲಗಿರುತ್ತಿತ್ತು. ಅದಕ್ಕೇ ವ್ಯಾನನ್ನು ಸದಾ ಇಳಿಜಾರಿನಲ್ಲಿ ನಿಲ್ಲಿಸುವುದು, ಬೆಳಿಗ್ಗೆ ತಳ್ಳಿ ಹೊರಡಿಸುವುದು. ದೊಡ್ಡಪ್ಪ ಎಲ್ಲಿಗೆ ಹೋದರೂ ಮೊದಲು ನೋಡುತ್ತಿದ್ದದ್ದು ಇಳಿಜಾರನ್ನೇ. ಸಮತಟ್ಟಾದ ಬೀದಿಯಲ್ಲಿರುವ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದರು. ಬೆಳಿಗ್ಗೆ ಅಕ್ಕಪಕ್ಕದವರು ಬೇವಿನ ಕಡ್ಡಿ ಕಚ್ಚಿಕೊಂಡೇ ತಳ್ಳಲು ಬರುತ್ತಿದ್ದರು. ತಳ್ಳಿದವರಿಗೆಲ್ಲ ದೊಡ್ಡವ್ವನ ಕಾಫಿ ಕಾದಿರುತ್ತಿತ್ತು.

ಹಾಗೆಂದು ಚಾರ್ಜರು ಇರಲಿಲ್ಲವೆಂದಲ್ಲ. ಟ್ರ್ಯಾಕ್ಟರ್ ಇದ್ದ ನೆರೆಯವರಿಂದ ಕಡ ತಂದದ್ದು, ಟ್ರಂಕಿನಷ್ಟು ದೊಡ್ಡದು. ಅದನ್ನು ಹಾಕುವುದು ಮನೆಯ ಮಾಮೂಲಿ ಪ್ಲಗ್ಗಿಗೇ. ಆದರೂ ದೊಡ್ಡಪ್ಪ ತೋಟದ ಮೋಟರಿಗೆಂದು ದಿನಕ್ಕೆ ಕೆಲವೇ ಗಂಟೆ ಕೊಡುವ ತ್ರೀ ಫೇಸ್ ಕರೆಂಟು ಬರುವವರೆಗೆ ಕಾದು, ಆಮೇಲೆಯೇ ಸ್ವಿಚ್ಚು ಒತ್ತುತ್ತಿದ್ದರು. ಆ ಪ್ಲಗ್ಗಿಗೆ ಯಾವ ಹೊತ್ತಿನಲ್ಲೂ ಬರುವುದು ಒಂದೇ ಕರೆಂಟು ಎಂದು, ಆಗಷ್ಟೇ ಓದು ಮುಗಿಸಿ ಅವರ ಮನೆಯಲ್ಲೇ ಇದ್ದ ನಾನು, ಡಿಗ್ರಿಯ ಭಾರವನ್ನೆಲ್ಲ ಹಾಕಿ ವಿವರಿಸಿದೆ.

“ಸಿಂಗಲ್ ಫೇಸು ಸಪ್ಪೆ ಕಣ್ಲಾ. ಅದ್ರಲ್ಲಿ ಬ್ಯಾಟ್ರಿ ಒಟ್ಟೆ ತುಂಬಲ್ಲ” ಎಂದರು. ತಳ್ಳಲು ಬಂದವರೆಲ್ಲ ಹೌದೆಂದು ತಲೆಯಾಡಿಸಿದರು. ನನ್ನ ಡಿಗ್ರಿ ಇತಿಹಾಸದ್ದು ಎನ್ನುವುದು ಅವರಿಗೆ ಗೊತ್ತಿತ್ತು.

ಕೊನೆಗೆ ದೊಡ್ಡಪ್ಪನ ಹಿರಿಯ ಮಗ, ಈ ವ್ಯಾನು ಮಾರಿ ಗೂಡ್ಸ್ ಆಟೋ ತರೋಣವೆಂದು ಹಟ ಹಿಡಿದ. ಒಂದು ಹೊಸ ಚಾರ್ಜರು ತಂದು ನೋಡುವುದು, ಅದಕ್ಕೂ ಬಗ್ಗದಿದ್ದರೆ ವ್ಯಾನು ಮಾರುವುದು ಎಂದು ತೀರ್ಮಾನವಾಯಿತು. ಚಾರ್ಜರು ಆರಿಸಲು ದೊಡ್ಡಪ್ಪನ ಜೊತೆ ನನ್ನನ್ನು ಹೊರಡಿಸಿದರು. ಮನೆಯಲ್ಲಿ ಬಿಡುವಾಗಿದ್ದವನು ನಾನೊಬ್ಬನೇ.

ಹೊರಡುವ ಮುನ್ನ ದೊಡ್ಡವ್ವ ನನ್ನನ್ನು ಹಿತ್ತಲಿಗೆ ಕರೆದಳು. ಸೆರಗಿನ ತುದಿ ತಿರುವುತ್ತಾ, ದಿನಾ ಸಂಜೆ ದೊಡ್ಡಪ್ಪ ಅರಳಿಕಟ್ಟೆಗೆ ಹೋದ ಮೇಲೆ ತಾನು ವ್ಯಾನಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ರೇಡಿಯೋ ಕೇಳುವುದಾಗಿ ಹೇಳಿದಳು. ಒಳಗಿನ ದೀಪವೂ ಉರಿಯುತ್ತಿರುತ್ತದಂತೆ. ಅಂದರೆ ಊರವರಿಂದ ದಿನವೂ ಗಾಡಿ ತಳ್ಳಿಸುತ್ತಿದ್ದವಳೂ ಅವಳೇ, ಅವರಿಗೆ ಕಾಫಿ ಕಾಸುತ್ತಿದ್ದವಳೂ ಅವಳೇ. ನನಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ.

“ಅಲ್ ಕುಂತ್ರೆ ಉಪ್ಪು ಎಲ್ಲದೆ ಅಂತ ಯಾರೂ ಕೇಳಲ್ಲ ಕಣಪ್ಪ” ಎಂದಳು. “ಗಾಡಿ ಮಾರಕ್ಕೆ ಬುಡ್ಬ್ಯಾಡ. ನಿಮ್ ದೊಡ್ಡಪ್ಪನ್ಗೂ ಏಳ್ಬ್ಯಾಡ.”

ಈ ವಯಸ್ಸಿನಲ್ಲಿ ಗಾಡಿಯಲ್ಲಿ ಕೂತು ಹಾಡು ಕೇಳುತ್ತಾಳೆಂದು ಜನ ಆಡಿಕೊಂಡಾರು ಎಂಬ ಅಂಜಿಕೆ ಅವಳಿಗೆ. ಸೊಸೆಯರು, ಮೊಮ್ಮಕ್ಕಳು, ಬಂದವರು, ಹೋದವರು ಎಂದು ಸದಾ ತುಂಬಿದ ಆ ಮನೆಯಲ್ಲಿ ಅವಳಿಗೆ ಕೂರಲು ಒಂದು ಮೂಲೆಯೂ ಇರಲಿಲ್ಲ ಎನ್ನುವುದು ನನಗೆ ಆವತ್ತೇ ಹೊಳೆದದ್ದು. ಗೂಡ್ಸ್ ಆಟೋ ಬಂದರೆ ಅದರಲ್ಲಿ ಡ್ರೈವರಿಗೊಂದು ಸೀಟು, ಹೂವಿಗೊಂದು ತೊಟ್ಟಿ, ಅಷ್ಟೇ.

ಗುಂಡ್ಲುಪೇಟೆಯಲ್ಲಿ ನಾವು ಹೋದ ಅಂಗಡಿ ಊಟಿ ರಸ್ತೆಯಲ್ಲಿತ್ತು. ಕೇರಳದ ಕಡೆಯ ಮಾಲೀಕ, ನಮ್ಮದು ಓಡುವ ವಂಡಿಯೋ ನಿಲ್ಲುವ ವಂಡಿಯೋ ಎಂದು ವಿಚಾರಿಸಿದ. ದಿನಾ ಓಡುವ ಗಾಡಿಯಾದರೆ ಓಡುತ್ತಲೇ ಬ್ಯಾಟರಿ ತುಂಬಿಕೊಳ್ಳುತ್ತದೆ, ಯಾವಾಗಲಾದರೊಮ್ಮೆ ಹಾಕಲು ಚಿಕ್ಕ ಚಾರ್ಜರು ಸಾಕಂತೆ. ಇನ್ನೊಂದು ಇದೆ, ಅದು ಕ್ಯಾರವಾನುಗಳಿಗೆ. ಒಳಗೇ ಉಂಡು ಮಲಗುತ್ತಾ ಊಟಿಗೆ ಹೋಗುವ ಪ್ರವಾಸಿಗರ ಗಾಡಿಗೆ. ಅವರು ಗಾಡಿ ನಿಲ್ಲಿಸಿ ದೀಪ, ಫ್ಯಾನು, ಹಾಡು ಹಾಕಿಕೊಂಡು ಕೂರುತ್ತಾರೆ. ಅಂಥ ಬ್ಯಾಟರಿಗೆ ನಿಧಾನವಾಗಿ ತುಂಬಿಸಿ, ತುಂಬಿದ ಮೇಲೆ ತಾನೇ ನಿಲ್ಲುವ ಚಾರ್ಜರು ಬೇಕು. ದಿನವಿಡೀ ಸಿಕ್ಕಿಸಿಟ್ಟರೂ ಕೆಡುವುದಿಲ್ಲ ಎಂದ.

ನಮಗೆ ಬೇಕಾದದ್ದು ಅದೇ. ಆದರೆ ಕಾರಣ ಹೇಳುವಂತಿಲ್ಲ. ಮುಂದೆ ನಾವೂ ಒಂದು ಕ್ಯಾರವಾನು ತೆಗೆದುಕೊಂಡರೆ ಉಪಯೋಗಕ್ಕೆ ಬಂದೀತು ಎಂದು ತೊದಲಿದೆ. ಚೆಂಡು ಹೂವು ಮಾರಿ ಕ್ಯಾರವಾನು! ಮಾಲೀಕ ನನ್ನನ್ನು ಕನಿಕರದಿಂದ ನೋಡಿದ.

ದೊಡ್ಡಪ್ಪ ನನ್ನ ಕಡೆ ತಿರುಗಲೂ ಇಲ್ಲ. “ಅದ್ನೇ ಕೊಡಿ” ಎಂದರು. “ನಮ್ ಗಾಡಿನೂವೆ ಓಡದ್ಕಿಂತ ನಿಂತ್ಕಂಡಿದ್ದಾಗ್ಲೇ ಎಚ್ಚು ದುಡಿಯದು.”

ಅವರಿಗೆ ಎಷ್ಟು ಕಾಲದಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ. ಮನೆಗೆ ಬಂದವರೇ ದೊಡ್ಡಪ್ಪ ಎಲ್ಲರನ್ನೂ ಕರೆದು, ಇದು ನಾಜೂಕಿನ ಚಾರ್ಜರು, ಹಾಕುವ ಮುಂಚೆ ದಿನಾ ಸಂಜೆ ಯಾರಾದರೊಬ್ಬರು ಗಾಡಿಯೊಳಗೆ ಕೂತು, ರೇಡಿಯೋ ಹಾಕಿ, ಬ್ಯಾಟರಿಯ ಕಸುವು ನೋಡಬೇಕಂತೆ, ಅಂಗಡಿಯವರೇ ಹೇಳಿದ್ದಾರೆ ಎಂದು ಸಾರಿದರು. ಗಂಡುಮಕ್ಕಳಿಗೆ ತೋಟದ ಕೆಲಸ ನೆನಪಾಯಿತು. ಸೊಸೆಯರಿಗೆ ಧಾರಾವಾಹಿ ನೆನಪಾಯಿತು.

“ಈ ಮನೇಲಿ ಎಲ್ಲಾ ನನ್ ತಲೆಗೇ” ಎಂದು ಗೊಣಗುತ್ತಾ ದೊಡ್ಡವ್ವ ಎಲೆಯಡಿಕೆ ಚೀಲ ಹಿಡಿದು ವ್ಯಾನಿನ ಕಡೆ ನಡೆದಳು. ನಡೆಯಲ್ಲಿ ಮಾತ್ರ ಗೊಣಗಾಟವಿರಲಿಲ್ಲ. ದೊಡ್ಡಪ್ಪ ಟವೆಲು ಕೊಡವಿ ಅರಳಿಕಟ್ಟೆಗೆ ಹೋದರು. ವ್ಯಾನು ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಂಗಡಿಯಾತ ಯಾವುದನ್ನು ಕಟ್ಟಿಕೊಡಲಿ ಎಂದು ಎರಡನೆಯ ಸಲ ಕೇಳಿದಾಗ ನಾನು ಚಾಮರಾಜನಗರಕ್ಕೆ ಮರಳಿದೆ. ಸ್ವಲ್ಪ ತಡೆಯಪ್ಪ ಎಂದು ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದೆ. ಕಾರಿನ ವಿಷಯಕ್ಕೆ ನಾನು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಸಂಜೆ ವಾಕಿಂಗ್ ಹೋದಾಗ ನೀನೇನಾದರೂ ಕಾರಿನೊಳಗೆ ಹೋಗಿ ಕೂರುತ್ತೀಯಾ ಎಂದೆ.

“ಯಾರ್ ಹೇಳಿದ್ರು ನಿಮ್ಗೆ?” ಎಂದಳು.