ಕಾಂತಕ್ಕನ ಅವಲಕ್ಕಿ ತಿಂದು ಪದ ಹಾಡುವ ಚನಿಯಪ್ಪ

ನರಿಕೊಂಬಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಂತಕ್ಕನ ಅಂಗಳದಲ್ಲಿ ಅವಲಕ್ಕಿ ಕುಟ್ಟುವ ಒನಕೆ ಏಳುತ್ತಿದೆ, ಬೀಳುತ್ತಿದೆ. ಜಗಲಿಯ ತುದಿಯಲ್ಲಿ ಕುಳಿತ ಚನಿಯಪ್ಪ ಆ ಪೆಟ್ಟಿಗೆ ಸರಿಹೊಂದುವಂತೆ ಎರಡು ತುಳು ಸಾಲು ಗುನುಗಿ ನೋಡುತ್ತಾರೆ. ರಾಗ ಒಂದು ಕಡೆ ಉದ್ದವಾಯಿತು. ಗಿಡ್ಡ ಮಾಡಿ ಮತ್ತೆ ಗುನುಗುತ್ತಾರೆ.

"ಇವತ್ತು ಯಾರನ್ನು ಕೊಲ್ಲುದು ಚನಿಯಪ್ಪಣ್ಣ?" ಕಾಂತಕ್ಕ ಒನಕೆ ನಿಲ್ಲಿಸದೆಯೇ ಕೇಳುತ್ತಾರೆ.

"ಯಾರನ್ನೂ ಇಲ್ಲ ಮಾರಾಯ್ತಿ. ಇದು ಚಾರ್ಮಾಡಿ ಘಾಟಿಯ ಬಸ್ಸಿನ ಪದ. ಹತ್ತಿದವರೆಲ್ಲ ಬದುಕಿ ಇಳೀತಾರೆ."

"ಒಮ್ಮೆ ಎಣಿಸಿ ನೋಡಿ ಮತ್ತೆ."

ಚನಿಯಪ್ಪ ನಗುತ್ತಾರೆ, ಆದರೆ ತಲೆ ತಗ್ಗಿಸಿ. ಎರಡು ವರ್ಷದಿಂದ ಈ ಮಾತು ಕೇಳಿ ಅವರಿಗೆ ಅಭ್ಯಾಸವಾಗಿದೆ.

ಐವತ್ತು ದಾಟಿದ ಚನಿಯಪ್ಪ ಸಂತೆಯಲ್ಲಿ ನಿಂತು ತುಳು ಪದ ಹಾಡುವವರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬಂಟ್ವಾಳ ಪೇಟೆಯಲ್ಲಿ ದೋಣಿಗೆ ಮೂಟೆ ಹೊತ್ತರು. ಹಾಡು ಬಂದದ್ದು ತಾಯಿಯಿಂದ, ನೇಜಿ ನೆಡುವ ಗದ್ದೆಯಿಂದ. ಊರಿನಲ್ಲಿ ಏನು ನಡೆದರೂ, ಹುಲಿ ಬಂದರೂ, ನೆರೆ ಬಂದರೂ ಅದರ ಮೇಲೆ ಪದ ಕಟ್ಟುತ್ತಾರೆ, ಕನ್ನಡ ಅಕ್ಷರದಲ್ಲಿ ಐನೂರು ಹಾಳೆ ಅಚ್ಚು ಹಾಕಿಸುತ್ತಾರೆ, ಕೈಯಲ್ಲಿ ತಾಳ ಹಿಡಿದು ಹಾಡುತ್ತಾ ಮಾರುತ್ತಾರೆ. ಇಲ್ಲಿಯವರೆಗೆ ಇಪ್ಪತ್ತಮೂರು ಪದ. ಸೋಮವಾರ ಬೆಳ್ತಂಗಡಿ, ಶುಕ್ರವಾರ ಮೂಡುಬಿದಿರೆ, ನಡುವೆ ವಾಮದಪದವು. ದಿನಕ್ಕೆ ಎಂಟು ಮೈಲಿ ನಡಿಗೆ ಇದ್ದದ್ದೇ. ಓದು ಬಾರದವರೂ ಹಾಳೆ ಕೊಳ್ಳುತ್ತಾರೆ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಸಾಕು, ಸಂಜೆ ಇಡೀ ಮನೆ ಆ ಪದ ಕೇಳುತ್ತದೆ.

ಎರಡು ವರ್ಷದ ಹಿಂದೆ ಆಟಿ ತಿಂಗಳ ಮಳೆಯಲ್ಲಿ ಹೊಳೆ ದಾಟುವ ದೋಣಿಯೊಂದು ಮಗುಚಿತು. ನಾಲ್ಕು ಜನ ಹೋದರು. ಕಾಂತಕ್ಕನ ಅವಲಕ್ಕಿ ಬುಟ್ಟಿ ತೇಲುತ್ತಾ ಬಂದು ದಡದ ಬಿದಿರಿಗೆ ಸಿಕ್ಕಿಕೊಂಡಿತು. ಬುಟ್ಟಿ ಯಾರದೆಂದು ಎಲ್ಲರಿಗೂ ಗೊತ್ತು. ಹಾಗೆ ಐದನೆಯವರು ಕಾಂತಕ್ಕ ಎಂದು ದಡದಲ್ಲಿದ್ದವರೇ ಲೆಕ್ಕ ಹಾಕಿದರು. ಚನಿಯಪ್ಪ ಅದನ್ನು ನಂಬಿದರು. ಬುಟ್ಟಿ ಮನೆಗೆ ಬಂತು, ಬುಟ್ಟಿ ಹೊತ್ತವಳು ಬರಲಿಲ್ಲ ಎಂದು ಕೊನೆಯ ನುಡಿ ಕಟ್ಟಿದರು. ಮೂರನೇ ದಿನಕ್ಕೆ ಅಚ್ಚಾಯಿತು. ಮೂಡುಬಿದಿರೆಯಲ್ಲಿ ಆ ನುಡಿಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಾಳೆ ಎಲ್ಲ ಮುಗಿಯಿತು.

ನೀರಿನಲ್ಲಿ ತೇಲಿಹೋದ ಕಾಂತಕ್ಕ ಎರಡು ಮೈಲಿ ಕೆಳಗೆ ಆಚೆ ದಡ ಸೇರಿ, ಅಲ್ಲಿನ ಒಂದು ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದರು. ಒಂದು ವಾರ ಕಳೆದು ನಡೆದೇ ಮನೆಗೆ ಬಂದರು. ಬಂದ ಮೇಲೆ ತೊಂದರೆ ಶುರುವಾಯಿತು. ಪದದಲ್ಲಿ ಸತ್ತವಳ ಕೈಯ ತಿಂಡಿಯನ್ನು ಮಕ್ಕಳಿಗೆ ಕೊಡಲು ಜನ ಹಿಂಜರಿದರು. ಸಂತೆಗೆ ಹೊತ್ತ ಅವಲಕ್ಕಿ ಹಾಗೆಯೇ ವಾಪಸು ಬಂತು.

"ಅವಳು ಬದುಕಿದ್ದಾಳೆ ಅಂತ ನನಗೆ ಮೊದಲು ಹೇಳಿದ್ದು ಚಾದಂಗಡಿಯ ಮೊಯಿದಿನಬ್ಬ," ಎನ್ನುತ್ತಾರೆ ಚನಿಯಪ್ಪ. "'ಎಂತ ಸಾವು ಮಾರಾಯ, ಅವಳು ಈಗಷ್ಟೇ ನನ್ನಲ್ಲಿ ಚಾ ಕುಡಿದು ಹೋದಳು, ನೀನೊಬ್ಬ ಕೊಂದು ಮಾರಿ ತಿಂತಿದ್ದಿ' ಅಂದ. ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದೆ."

ಆ ದಿನದಿಂದ ಅವರು ಯಾವ ಸಂತೆಗೆ ಹೋದರೂ ಮೊದಲು ಹಾಡುವುದು ಹೊಸ ನುಡಿಯನ್ನು. 'ನೀರ್‌ಡ್ದ್ ಬತ್ತೊಲು ಕಾಂತಕ್ಕೆ', ನೀರಿನಿಂದ ಬಂದಳು ಕಾಂತಕ್ಕ ಎಂದು. ಹಾಡಿ ಮುಗಿಸಿ ಎಲ್ಲರ ಎದುರು ಕಾಂತಕ್ಕನ ಅವಲಕ್ಕಿ ಒಂದು ಹಿಡಿ ಬಾಯಿಗೆ ಹಾಕಿ ಜಗಿಯುತ್ತಾರೆ. ಹಳೆಯ ಹಾಳೆ ತಂದವರಿಗೆ ಹೊಸ ಹಾಳೆ ಬದಲು ಕೊಡುತ್ತಾರೆ. ಈವರೆಗೆ ಇನ್ನೂರ ಹನ್ನೊಂದು ಹಾಳೆ ಮರಳಿವೆ.

ಜನ ಸುಲಭಕ್ಕೆ ಬಿಡುವುದಿಲ್ಲ. "ಆ ಅಳುವ ಪದ ಹಾಡಿ ಮಾರಾಯ್ರೆ, ಇದರಲ್ಲಿ ಎಂತದೂ ಇಲ್ಲ," ಎನ್ನುತ್ತಾರೆ. ಚನಿಯಪ್ಪನಿಗೂ ಗೊತ್ತು. "ನಾನು ಕಟ್ಟಿದ್ದರಲ್ಲಿ ಒಳ್ಳೆಯ ನುಡಿ ಅಂದ್ರೆ ಅದೇ. ಆದರೆ ಅದನ್ನು ಹಾಡುವ ಬಾಯಲ್ಲಿ ಅವಳ ಅವಲಕ್ಕಿ ಹೇಗೆ ತಿನ್ನುದು?"

ಬಂಟ್ವಾಳ, ವಾಮದಪದವುಗಳಲ್ಲಿ ಅವಲಕ್ಕಿಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದ್ದಾರೆ. ಹಳೆಯ ಪದ ಅತಿ ಹೆಚ್ಚು ಮಾರಿಹೋದ ಮೂಡುಬಿದಿರೆಗೆ ಮಾತ್ರ ಕಾಂತಕ್ಕ ಮತ್ತೆ ಬುಟ್ಟಿ ಹೊತ್ತಿಲ್ಲ. ಇವತ್ತು ಶುಕ್ರವಾರ. ಇವತ್ತು ಹೊರಟಿದ್ದಾರೆ.

"ನನ್ನ ಹಿಡಿ?" ಚನಿಯಪ್ಪ ಕೈಚೀಲ ಒಡ್ಡುತ್ತಾರೆ.

"ಅಲ್ಲಿಯೇ ಕೊಡ್ತೇನೆ. ಬಸ್ಸು ತಪ್ಪುತ್ತದೆ, ಹೋಗುವ."

ಮೂಡುಬಿದಿರೆ ಸಂತೆಯ ಒಂದು ಮೂಲೆಯಲ್ಲಿ ಕಾಂತಕ್ಕ ಬುಟ್ಟಿ ಇಳಿಸುತ್ತಾರೆ. ಚನಿಯಪ್ಪ ಹತ್ತಿರ ನಿಲ್ಲುವುದಿಲ್ಲ. ತಾನು ಪಕ್ಕದಲ್ಲಿದ್ದರೆ ಜನರಿಗೆ ಪದವೇ ನೆನಪಾದೀತೆಂಬ ಅಂಜಿಕೆ. ದೂರದ ಮರದಡಿ ಹಾಳೆ ಬಿಡಿಸುತ್ತಾರೆ, ಮಡಚುತ್ತಾರೆ, ಆ ಕಡೆ ನೋಡುವುದಿಲ್ಲ. ಹತ್ತು ಗಂಟೆಗೆ ಜನ ತುಂಬಿದ ಮೇಲೆ ತಾಳ ಎತ್ತುತ್ತಾರೆ. ಹೊಸ ನುಡಿ ಹಾಡುತ್ತಲೇ ಜನರ ನಡುವೆ ದಾರಿ ಮಾಡಿಕೊಂಡು ಕಾಂತಕ್ಕನ ಎದುರು ಬಂದು, ಅಭ್ಯಾಸದಂತೆ ಕೈ ಚಾಚುತ್ತಾರೆ.

ಕಾಂತಕ್ಕ ಬುಟ್ಟಿ ಎತ್ತಿ ಬೋರಲು ಹಿಡಿಯುತ್ತಾರೆ. ನಾಲ್ಕು ಚೂರು ಹೊಟ್ಟು ಉದುರುತ್ತದೆ.

"ಎಂತ ಮಾಡುದು ಚನಿಯಪ್ಪಣ್ಣ, ನಿಮಗೆ ಉಳಿಯಲಿಲ್ಲ."

ಸುತ್ತ ನಿಂತವರು ನಗುತ್ತಾರೆ. ಚನಿಯಪ್ಪನ ಪದ ಅರ್ಧಕ್ಕೆ ನಿಲ್ಲುತ್ತದೆ. ಮೂವತ್ತು ವರ್ಷದಲ್ಲಿ ಸಂತೆಯ ನಡುವೆ ಅವರು ಪದ ಮರೆತದ್ದು ಇದೇ ಮೊದಲು.

ಆ ದಿನ ಬಸ್ಸಿನ ಪದದ ಹಾಳೆ ಅರ್ಧವೂ ಮಾರಿಹೋಗುವುದಿಲ್ಲ. ಉಳಿದ ಕಟ್ಟನ್ನು ಕಾಂತಕ್ಕ ಖಾಲಿ ಬುಟ್ಟಿಯಲ್ಲಿಟ್ಟು ತಲೆಗೇರಿಸುತ್ತಾರೆ. ಬಸ್ಸಿನ ಕಡೆ ಅವರ ಹಿಂದೆ ನಡೆಯುವ ಚನಿಯಪ್ಪನಿಗೆ ಈಗ ಒಂದೇ ಆಸೆ.

"ಬರುವ ವಾರ ನನಗೆ ಒಂದು ಹಿಡಿ ತೆಗೆದಿಡು ಮಾರಾಯ್ತಿ. ಹಾಡಿದ ಮೇಲೆ ಹಸಿವಾಗ್ತದೆ."